ಹಲ್ಲಿಗೆ ಶಾಲೆ ಕೊಡುವುದಿಲ್ಲ

ಶಾಲೆಯವರು ಕೊಟ್ಟಿದ್ದ ಸೌಲಭ್ಯಗಳ ಪುಸ್ತಕಕ್ಕೆ ನಲವತ್ತಮೂರು ಪುಟ. ಹಲ್ಲಿನ ವಿಷಯ ಇದ್ದದ್ದು ಮೂವತ್ತೊಂದನೆಯ ಪುಟದ ತೀರಾ ಕೆಳಗೆ, ಕನ್ನಡಕ ಇಲ್ಲದೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ. ಟೀಚರ್ ಆ ಪುಟವನ್ನು ಊಟದ ಮೇಜಿನ ಮೇಲೆ ಬಿಡಿಸಿಟ್ಟು ಬೆರಳಿಟ್ಟು ಓದಿದಳು.

"ಹೃದಯಕ್ಕೆ ಕೊಡ್ತಾರೆ, ಕಿಡ್ನಿಗೆ ಕೊಡ್ತಾರೆ, ಕೈಕಾಲು ಮುರಿದ್ರೆ ಕೊಡ್ತಾರೆ. ಹಲ್ಲಿಗೂ ಕನ್ನಡಕಕ್ಕೂ ಮಾತ್ರ ಇಲ್ಲ ಅತ್ತೆ."

"ಹಾಗಾದ್ರೆ ನನ್ನ ಬಾಯಿ ನನ್ನ ಮೈಗೆ ಸೇರಿದ್ದಲ್ಲ ಅಂತಾಯ್ತು" ಎಂದರು ಅತ್ತೆ. ಅವರ ಎಡಗೆನ್ನೆ ಬನ್ನಿನಂತೆ ಊದಿತ್ತು. ಅದಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡಿದ್ದರು.

"ನಿನ್ನ ಬಾಯಿ ಯಾವ ಪುಸ್ತಕಕ್ಕೂ ಬಗ್ಗಲ್ಲ ಬಿಡಜ್ಜಿ" ಎಂದಳು ಚೂಟಿ. ಮನೆಗೆ ಒಬ್ಬಳೇ ಮಗಳು, ಹತ್ತು ವರ್ಷ. ಅಜ್ಜಿ ಇಟ್ಟ ಅಡ್ಡಹೆಸರಿಗೆ ಎಲ್ಲೂ ಮೋಸ ಮಾಡಿದವಳಲ್ಲ.

"ತಟ್ಟೆ ನೋಡ್ಕೊಂಡು ಊಟ ಮಾಡು" ಎಂದು ಟೀಚರ್ ಗದರಿದಳು. ಅವಳ ಗಂಡ ಎಲ್ಲರಿಗೂ ಎರಡನೇ ಸಲ ಅನ್ನ ಬಡಿಸಿ, ಅಮ್ಮನ ತಟ್ಟೆಯದನ್ನು ಮಾತ್ರ ಸೌಟಿನ ಹಿಂಬದಿಯಿಂದ ನುಣ್ಣಗೆ ಹಿಸುಕಿ ಕೊಟ್ಟ.

ಹೊರದೇಶದಿಂದ ಬಂದ ಟೀಚರುಗಳಿಗೆ ಏನೇನು ಕೊಡುತ್ತೇವೆ ಎಂದು ಹೇಳುವಾಗ ಆ ಪುಸ್ತಕದ ಮಾತು ಬೆಣ್ಣೆಯಷ್ಟು ಮೆತ್ತಗಿತ್ತು. ವಿಮಾನದ ಟಿಕೆಟ್ಟು, ವೀಸಾ, ಎರಡು ಕೋಣೆಯ ಮನೆ, ಅದರೊಳಗೆ ಮಂಚ ಕುರ್ಚಿ, ಒಂದು ಮಿತಿಯವರೆಗೆ ನೀರು ಕರೆಂಟು, ಕಾಯಿಲೆಗೆ ವಿಮೆ, ಮಗುವಿಗೆ ಅದೇ ಶಾಲೆಯಲ್ಲಿ ಓದು. ಟೀಚರಿಗೂ ಉಂಟು, ಅವಳ ಅವಲಂಬಿತರಿಗೂ ಉಂಟು. ಅವಲಂಬಿತರು ಎಂದರೆ ಗಂಡ, ಮಗಳು, ಅತ್ತೆ. ಆ ಪದ ಓದಿದ ದಿನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅವನು ಬಡಗಿ. ಊರಲ್ಲಿ ಅವನದೇ ಮಳಿಗೆ ಇತ್ತು, ಕೈಕೆಳಗೆ ಮೂರು ಜನ ಇದ್ದರು. ಅವನು ಕೂರಿಸಿದ ಬಾಗಿಲನ್ನು, ಮುಚ್ಚಲು ಬಿಗಿಯಾಯಿತೆಂದು ಮತ್ತೆ ಇನ್ನೊಬ್ಬ ಬಂದು ಉಜ್ಜಿದ ಉದಾಹರಣೆ ಇರಲಿಲ್ಲ. "ಎರಡು ವರ್ಷ ತಾನೆ, ಕಣ್ಣು ಮುಚ್ಚಿ ಬಿಡೋದ್ರಲ್ಲಿ ಕಳೆದುಹೋಗುತ್ತೆ" ಎಂದು ಹೆಂಡತಿಯ ಬೆನ್ನು ತಟ್ಟಿ ಹೊರಟು ಬಂದಿದ್ದ.

ಬಂದ ಮೇಲೆ ತಿಳಿಯಿತು, ಅವಲಂಬಿತನಾಗಿರುವುದೂ ಒಂದು ಕೆಲಸವೇ ಎಂದು. ಡಬ್ಬಿ ಕಟ್ಟಬೇಕು, ಬಟ್ಟೆ ಒಗೆಯಬೇಕು, ಪಾತ್ರೆ ತೊಳೆಯಬೇಕು, ಅಮ್ಮನ ಕಾಲಿಗೆ ಮುಲಾಮು ಹಚ್ಚಬೇಕು. ಒಂದು ಕಾಸು ಮಾತ್ರ ಸಂಪಾದಿಸಬಾರದು. ಸಂಪಾದಿಸಿದವನು ಅವಲಂಬಿತನಲ್ಲ, ಅವಲಂಬಿತನಲ್ಲದವನಿಗೆ ಶಾಲೆ ಖರ್ಚು ಮಾಡುವುದಿಲ್ಲ. ಇದು ಮೂವತ್ತೆಂಟನೆಯ ಪುಟ. ಹಾಗೆಂದು ಕರಾರನ್ನು ಅರ್ಧಕ್ಕೆ ಬಿಟ್ಟು ಹೋಗುವಂತೆಯೂ ಇಲ್ಲ. ಹೋದರೆ ಶಾಲೆ ಹಾಕಿದ್ದನ್ನೆಲ್ಲ ಮೊದಲ ದಿನದಿಂದ ಕಕ್ಕಬೇಕು. ಎರಡು ವರ್ಷ ಪೂರಾ ಮುಗಿಸಿದರೆ ನಾಲ್ವರಿಗೂ ವಾಪಸು ಟಿಕೆಟ್ಟು, ಜೊತೆಗೆ ತಿಂಗಳು ತಿಂಗಳು ಹಿಡಿದಿಟ್ಟುಕೊಂಡ ಸಂಬಳದ ಐದನೇ ಒಂದು ಪಾಲು.

ಇನ್ನು ಹತ್ತು ವಾರ ಉಳಿದಿತ್ತು. ಬಾಡಿಗೆಗೆ ಕೊಟ್ಟಿದ್ದ ಮಳಿಗೆಯನ್ನು ಖಾಲಿ ಮಾಡಿಸಿಡಲು ಗಂಡ ಆಗಲೇ ಫೋನ್ ಮಾಡಿ ಹೇಳಿದ್ದ. ಆ ಮನೆಯಲ್ಲಿ ಯಾರು ಯಾವ ಮಾತು ಶುರು ಮಾಡಿದರೂ ಅದು "ಊರಿಗೆ ಹೋದ ಮೇಲೆ" ಎಂದೇ ಮುಗಿಯುತ್ತಿತ್ತು. ಹೊಸ ಚಪ್ಪಲಿ ಊರಿಗೆ ಹೋದ ಮೇಲೆ, ಚೂಟಿಗೆ ಸೈಕಲ್ಲು ಊರಿಗೆ ಹೋದ ಮೇಲೆ, ಗಂಡ ಹೆಂಡತಿ ಜಗಳ ಕೂಡ ಊರಿಗೆ ಹೋದ ಮೇಲೆ.

ಹಲ್ಲು ಮಾತ್ರ ಕಾಯಲು ಒಪ್ಪಲಿಲ್ಲ. ಹಲ್ಲಿನ ಡಾಕ್ಟರು ಅತ್ತೆಯ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ, ಉಳಿದ ಒಂಬತ್ತನ್ನೂ ಕಿತ್ತು ಹೊಸ ಸೆಟ್ ಕಟ್ಟಬೇಕು ಎಂದರು. ಬೆಲೆ ಕೇಳಿ ಟೀಚರಿಗೇ ದವಡೆ ನೋವು ಬಂತು.

"ಕೀಳಿಸಿಬಿಡು ಸಾಕು" ಎಂದರು ಅತ್ತೆ ಮಗನಿಗೆ. "ಕಟ್ಟಿಸೋದು ಊರಿಗೆ ಹೋದ ಮೇಲೆ."

"ಅಲ್ಲೀತನಕ ಏನು ತಿಂತೀಯಮ್ಮ?"

"ಗಂಜಿ ಕುಡೀತೀನಿ. ಇಷ್ಟು ವರ್ಷ ಅಗಿದಿದ್ದು ಸಾಲದಾ?"

ಕೀಳಿಸಿದ್ದಾಯಿತು. ಅತ್ತೆ ಎರಡು ವಾರ ಗಂಜಿ ಕುಡಿದು ಅರ್ಧ ಆದರು. ಮಾತಾಡಿದರೆ ಗಾಳಿ ಹೋಗುತ್ತದೆಂದು ಮಾತನ್ನೂ ಬಿಟ್ಟರು. ಅತ್ತೆ ಸುಮ್ಮನಿರುವ ಮನೆಯನ್ನು ಟೀಚರ್ ಎಷ್ಟೋ ಸಲ ಬೇಡಿಕೊಂಡಿದ್ದಳು; ಸಿಕ್ಕಾಗ ಅವಳಿಗೆ ಅದು ಹಿಡಿಸಲಿಲ್ಲ.

ಆ ಹೊತ್ತಿಗೇ ಗಡಿಯಾರದ ಕತೆ ಶುರುವಾದದ್ದು. ಟೀಚರ್ ಸಣ್ಣ ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು. ಗಂಟೆ ನೋಡುವುದನ್ನು ಕಲಿಸಲು ಶಾಲೆ ಕೊಟ್ಟಿದ್ದ ರಟ್ಟಿನ ಗಡಿಯಾರಗಳ ಮುಳ್ಳು ಒಂದೇ ವಾರದಲ್ಲಿ ಕಿತ್ತು ಬಂದಿದ್ದವು. ಅವಳು ಮನೆಯಲ್ಲಿ ಗೊಣಗಿದಳು. ಗಂಡ ಕಟ್ಟಡದ ಹಿಂದೆ ಯಾರೋ ಎಸೆದಿದ್ದ ಮಂಚದ ಹಲಗೆ ಎತ್ತಿಕೊಂಡು ಬಂದ. ಊರಿಂದ ಬಟ್ಟೆಯ ನಡುವೆ ಸುತ್ತಿ ತಂದಿದ್ದ ನಾಲ್ಕು ಉಳಿ, ಒಂದು ಸಣ್ಣ ಗರಗಸ ಹೊರಗೆ ಬಂದವು. ಎರಡು ದಿನದಲ್ಲಿ ಅಂಗೈ ಅಗಲದ ಮರದ ಗಡಿಯಾರ ತಯಾರಾಯಿತು. ಒಂದು ಮೊಳೆ ಇಲ್ಲ. ಮುಳ್ಳನ್ನು ಮರದ ಗೂಟಕ್ಕೇ ಕೂರಿಸಿದ್ದ. ಮಗು ತಿರುಗಿಸಿದರೆ ತಿರುಗುತ್ತಿತ್ತು, ಬಿಟ್ಟಲ್ಲಿ ನಿಲ್ಲುತ್ತಿತ್ತು.

ಮೇಲಿನ ಮನೆಯ ವಿಜ್ಞಾನದ ಟೀಚರ್ ಅದನ್ನು ನೋಡಿ ಕಣ್ಣರಳಿಸಿದಳು. "ನನಗೂ ಹೀಗೇ ಏನಾದ್ರೂ ಮಾಡಿಕೊಡಿ. ಪಾಠದ ಸಾಮಾನಿನ ದುಡ್ಡು ಹಾಗೇ ಬಿದ್ದಿದೆ, ಈ ಅವಧೀಲಿ ಖರ್ಚು ಮಾಡದಿದ್ರೆ ಹೋಗಿಬಿಡುತ್ತೆ."

ಅದೂ ಪುಸ್ತಕದಲ್ಲಿದ್ದದ್ದೇ. ತರಗತಿಗೆ ಬೇಕಾದ ಸಾಮಾನಿಗೆ ಪ್ರತಿ ಟೀಚರಿಗೂ ಇಷ್ಟೆಂದು ಶಾಲೆ ಕೊಡುತ್ತಿತ್ತು. ಅಂಗಡಿಯ ಬಿಲ್ ತೋರಿಸಬೇಕು ಅಷ್ಟೆ. ಬಡಗಿಯ ಹತ್ತಿರ ಬಿಲ್ ಎಲ್ಲಿಂದ ಬರಬೇಕು? ಬೀದಿ ಕೊನೆಯ ಕಾಗದ ಪೆನ್ಸಿಲ್ ಅಂಗಡಿಯವನು ತನ್ನ ಹೆಸರಿನಲ್ಲಿ ಬರೆದುಕೊಡಲು ಒಪ್ಪಿದ. ನಾಲ್ಕರಲ್ಲಿ ಒಂದು ಪಾಲು ಅವನಿಗೆ.

"ರೀ, ಇದು ಬೇಡ" ಎಂದಳು ಟೀಚರ್. "ಮೂವತ್ತೆಂಟನೇ ಪುಟ ನೆನಪಿದೆಯಾ?"

"ಮೂವತ್ತೊಂದನೇ ಪುಟಾನೂ ನೆನಪಿದೆ. ಶಾಲೆ ದುಡ್ಡು, ಶಾಲೆ ಮಕ್ಕಳು. ನಡುವೆ ನನ್ನ ಕೈ. ಇದರಲ್ಲಿ ಕಳ್ಳತನ ಎಲ್ಲಿದೆ ತೋರಿಸು."

"ಆ ಕೈಯಲ್ಲೇ ಇದೆ ಅಂತಾರೆ ಅವರು."

"ಅಮ್ಮ ಗಂಜಿ ಕುಡಿಯೋದನ್ನ ದಿನಾ ನೋಡೋಳು ನೀನಲ್ಲ, ನಾನು" ಎಂದು ಅವನು ಎದ್ದುಹೋದ. ಅವಳು ಮುಂದೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿತು, ಆಮೇಲೆ ಅನ್ನಿಸಿದ್ದಕ್ಕೆ ಏನು ಬೆಲೆ.

ಸದ್ದು ಹೊರಗೆ ಹೋಗದಿರಲೆಂದು ಅವನು ಬಚ್ಚಲುಮನೆಯಲ್ಲಿ ಕೂತು ಕೆಲಸ ಮಾಡಿದ. ಸ್ನಾನಕ್ಕೆ ಹೋದವರ ಕಾಲಿಗೆಲ್ಲ ಮರದ ಹೊಟ್ಟು. ಗಡಿಯಾರ, ಎಣಿಕೆಗೆ ಮಣಿಚೌಕಟ್ಟು, ಭಿನ್ನರಾಶಿ ಕಲಿಸಲು ಎಂಟು ಹೋಳಾಗುವ ಮರದ ರೊಟ್ಟಿ. ಮರದ ತಕ್ಕಡಿಯನ್ನಂತೂ ಮೂರು ಸಲ ಬಿಚ್ಚಿ ಕೂಡಿಸಿದ. ಕೆಲಸ ಮಾಡುತ್ತ ಗುನುಗುತ್ತಿದ್ದ. ಅಡುಗೆಗೆ ಉಪ್ಪು ಹಾಕುವುದು ಮರೆಯುತ್ತಿದ್ದ. ಯಾರೂ ಕೇಳದೆ ತಾನಾಗಿ ನಗುತ್ತಿದ್ದ. ಎರಡು ವರ್ಷದಲ್ಲಿ ಅವನು ಹಾಗೆ ನಕ್ಕಿದ್ದನ್ನು ಟೀಚರ್ ನೋಡಿರಲಿಲ್ಲ, ಅದಕ್ಕೇ ಅವಳ ಬಾಯಿಗೆ ಬೀಗ ಬಿತ್ತು. ಹಲ್ಲಿನ ಸೆಟ್ಟಿಗೆ ಕೊನೆಯಲ್ಲಿ ಸ್ವಲ್ಪ ಕಡಿಮೆ ಬಿದ್ದಾಗ ಅವಳೇ ತನ್ನ ತರಗತಿಗೆಂದು ಹನ್ನೆರಡು ಮಣಿಚೌಕಟ್ಟಿನ ಬಿಲ್ ತಂದು ಕಚೇರಿಗೆ ಕೊಟ್ಟಳು. ಸಹಿ ನೆಟ್ಟಗೇ ಬಂತು.

ಹಲ್ಲು ಬಂದ ದಿನ ಇನ್ನು ಆರು ವಾರ ಉಳಿದಿತ್ತು. ಅತ್ತೆ ಗರಿಗರಿಯಾಗಿ ಸುಟ್ಟ ಬ್ರೆಡ್ ಕೇಳಿದರು. ಎಲ್ಲರೂ ಊಟ ಬಿಟ್ಟು ಅವರನ್ನೇ ನೋಡುತ್ತ ಕೂತರು. ಕರುಂ ಎಂದು ಸದ್ದಾಯಿತು.

"ಹೇಗಿದೆ ಅಜ್ಜಿ?"

"ಹಲ್ಲು ಚೆನ್ನಾಗಿದೆ. ಬ್ರೆಡ್ ಸೀದಿದೆ" ಎಂದರು ಅತ್ತೆ. ಅಷ್ಟು ದಿನದ ಬಾಕಿಯನ್ನೆಲ್ಲ ತೀರಿಸುವವರಂತೆ ಅಂದಿನಿಂದ ಮಾತು ಶುರು ಮಾಡಿದರು.

ನಾಲ್ಕು ವಾರ ಉಳಿದಾಗ, ಒಂದು ಶನಿವಾರ, ಮನೆಯ ಸಾಮಾನು ಪರೀಕ್ಷಿಸಲು ಶಾಲೆಯ ಸೌಲಭ್ಯದ ಮೇಡಂ ಬಂದಳು. ಮನೆ, ಟಿಕೆಟ್ಟು, ವಿಮೆ, ಬಿಲ್ಲು, ಎಲ್ಲ ನೋಡಿಕೊಳ್ಳುವವಳು ಅವಳೇ. ಒಳ್ಳೆಯವಳು, ಅದೇ ದೊಡ್ಡ ತೊಂದರೆ. ಕೆಟ್ಟವಳಾಗಿದ್ದರೆ ಅತ್ತೆ ಬಾಯಿ ಬಿಡುತ್ತಿರಲಿಲ್ಲ. ಟೀಚರ್ ಶಾಲೆಯಲ್ಲಿ ತಂದೆತಾಯಿಯರ ಸಭೆಗೆ ಹೋಗಿದ್ದಳು, ಗಂಡ ತರಕಾರಿಗೆ ಹೋಗಿದ್ದ. ಅತ್ತೆಗೆ ಅಲ್ಲಿಯ ಭಾಷೆ ಬಾರದು. ಎರಡು ಭಾಷೆಗಳ ನಡುವೆ ನಿಂತವಳು ಚೂಟಿ.

ಮೇಡಂ ಕುರ್ಚಿ ಎಣಿಸಿದಳು, ನಲ್ಲಿ ತಿರುಗಿಸಿ ನೋಡಿದಳು, ಮನೆ ಇಷ್ಟು ಚೊಕ್ಕಟವಾಗಿಟ್ಟವರನ್ನು ತಾನು ನೋಡಿಲ್ಲ ಎಂದಳು. ಹೊರಡುವ ಮುಂಚೆ ಅತ್ತೆಯ ಕೈ ಹಿಡಿದು ಪ್ರೀತಿಯಿಂದ ಇನ್ನೊಂದು ಮಾತು ಹೇಳಿದಳು.

"ಏನಂತೆ?" ಎಂದರು ಅತ್ತೆ.

"ಅಮ್ಮ ಒಬ್ಬಳೇ ದುಡಿದು ನಿಮ್ಮನ್ನೆಲ್ಲ ಸಾಕೋದು ದೊಡ್ಡ ವಿಷಯ ಅಂತೆ. ಇಂಥ ಸೊಸೆ ಸಿಗೋದು ನಿಮ್ಮ ಪುಣ್ಯ ಅಂತೆ."

ಅತ್ತೆಯ ಮುಖ ಕೆಂಪಾಯಿತು. ಎರಡು ವರ್ಷ ಅಕ್ಕಪಕ್ಕದವರು ಕಣ್ಣಲ್ಲೇ ಹೇಳಿದ್ದನ್ನು ಈಕೆ ಬಾಯಿಬಿಟ್ಟು ಹೇಳಿದ್ದಳು. ಅವರು ಬಾಯಿ ಅಗಲ ಮಾಡಿ ಎರಡೂ ಸಾಲು ತೋರಿಸಿದರು.

"ಹೇಳೇ ಅವಳಿಗೆ. ಈ ಹಲ್ಲು ಯಾರ ದುಡ್ಡು ಅಂತ ಕೇಳು. ನನ್ನ ಮಗಂದು! ಕೂತು ತಿನ್ನೋನಲ್ಲ ನನ್ನ ಮಗ. ಅವಳ ಶಾಲೇಲಿ ಮಕ್ಕಳು ತಿರುಗಿಸ್ತಾವಲ್ಲ ಗಡಿಯಾರ, ಅದೆಲ್ಲ ಮಾಡಿ ಮಾರಿದ್ದು ಯಾರು? ಹೇಳು, ಒಂದಕ್ಷರ ಬಿಡಬೇಡ."

ಚೂಟಿ ಒಂದಕ್ಷರ ಬಿಡಲಿಲ್ಲ. ಅಪ್ಪ ಏನೂ ಕೆಲಸ ಮಾಡುವುದಿಲ್ಲವಾ ಎಂದು ಅವಳನ್ನೂ ತರಗತಿಯಲ್ಲಿ ಕೇಳಿದ್ದರು. ಅವಳೂ ಈ ದಿನಕ್ಕೆ ಕಾದಿದ್ದಳು. ತನ್ನ ಕಡೆಯಿಂದ ಮರದ ತಕ್ಕಡಿಯನ್ನೂ ಸೇರಿಸಿದಳು.

"ಹಲ್ಲು ತುಂಬಾ ಚೆನ್ನಾಗಿದೆ" ಎಂದು ಮೇಡಂ ಮೆಲ್ಲಗೆ ಹೇಳಿ, ನೀರು ಕುಡಿದು ಹೊರಟಳು.

ಸಂಜೆ ಊಟಕ್ಕೆ ಕೂತಾಗ ಚೂಟಿ ಅದನ್ನೆಲ್ಲ ಅಭಿನಯಿಸಿ ತೋರಿಸಿದಳು. ಅಜ್ಜಿ ಬಾಯಿ ತೆರೆದದ್ದು, ಮೇಡಂ ಕಣ್ಣು ಬಿಟ್ಟದ್ದು. ಟೀಚರ್ ಬೇಳೆ ತುಂಬಿದ ಬಟ್ಟಲನ್ನು ಕೆಳಗಿಟ್ಟಳು.

"ಮಾರಿದ್ದು ಅಂತಾನೂ ಹೇಳಿದ್ಯಾ?"

"ಅಜ್ಜಿ ಹೇಳಿದ್ದನ್ನೇ ಹೇಳಿದ್ದು."

"ನಾನೇನು ತಪ್ಪು ಹೇಳಿದೆ?" ಎಂದರು ಅತ್ತೆ. "ಮಗ ದುಡೀತಾನೆ ಅನ್ನೋದು ತಪ್ಪಾ?"

"ಇಲ್ಲಿ ತಪ್ಪೇ ಅತ್ತೆ! ಎರಡು ವರ್ಷದಿಂದ ಹೇಳ್ತಾ ಇದೀನಿ. ನಾಲ್ಕು ವಾರ, ಇನ್ನು ನಾಲ್ಕೇ ವಾರ ಬಾಯಿ ಮುಚ್ಕೊಂಡಿದ್ರೆ ಆಗ್ತಿರಲಿಲ್ವಾ?"

"ಹಲ್ಲು ಕಟ್ಟಿಸಿಕೊಟ್ಟು ಬಾಯಿ ಮುಚ್ಚು ಅಂದ್ರೆ ಹೇಗೇ?"

"ಅಮ್ಮ, ಸಾಕು" ಎಂದ ಗಂಡ. ಹೆಂಡತಿಯ ಕಡೆ ತಿರುಗಿ, "ಅಮ್ಮನ ಮೇಲೂ ಮಗು ಮೇಲೂ ಕೂಗಬೇಡ. ಮಾಡಿದ್ದು ನಾನು" ಎಂದ.

"ನಾನೂ ಸಹಿ ಹಾಕಿದೀನಿ ಕಣ್ರೀ" ಎಂದಳು ಟೀಚರ್.

ಮೂರನೇ ದಿನ ಕರೆ ಬಂತು. ಸೌಲಭ್ಯದ ಮೇಡಂ ಮೇಜಿನ ಮೇಲೆ ಅಂಗಡಿಯ ಬಿಲ್ಲುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಳು. ಅದರಲ್ಲಿ ಒಂದರ ಮೇಲೆ ಟೀಚರ್ ಸಹಿ. ಮೇಡಂ ಗದರಲಿಲ್ಲ, ಹಂಗಿಸಲಿಲ್ಲ, ಪುಟ ತಿರುವಿ ಓದಿ ತೋರಿಸಿದಳು. ಗಂಡ ಸಂಪಾದಿಸಿದ್ದರಿಂದ ಅವನು ಅವಲಂಬಿತನಲ್ಲ. ಅತ್ತೆ ಅವನ ಮೂಲಕ ಪಟ್ಟಿಗೆ ಸೇರಿದವರು, ಆದ್ದರಿಂದ ಅವರೂ ಅಲ್ಲ. ಕರಾರು ಮುರಿದಂತೆಯೇ ಲೆಕ್ಕ. ಇಬ್ಬರ ಟಿಕೆಟ್ಟು, ವೀಸಾ, ವಿಮೆ, ಒಂಟಿ ಕೋಣೆಗೂ ಎರಡು ಕೋಣೆಗೂ ಇರುವ ಬಾಡಿಗೆಯ ವ್ಯತ್ಯಾಸ, ಎಲ್ಲ ವಾಪಸು. ಹಿಡಿದಿಟ್ಟ ಸಂಬಳ ಅದಕ್ಕೇ ಹೋಗುತ್ತದೆ. ಹೋದ ಮೇಲೂ ಏಳು ತಿಂಗಳ ಸಂಬಳದಷ್ಟು ಬಾಕಿ.

"ಇನ್ನೊಂದು ದಾರಿ ಇದೆ" ಎಂದಳು ಮೇಡಂ. "ಇನ್ನೂ ಮೂರು ವರ್ಷಕ್ಕೆ ಹೊಸ ಕರಾರು ಮಾಡಿಕೊಳ್ಳಿ. ಮುಗಿದ ದಿನ ಈ ಬಾಕಿಯನ್ನೆಲ್ಲ ಅಳಿಸಿಹಾಕ್ತೀವಿ. ನಿಮ್ಮಂಥ ಟೀಚರನ್ನು ಕಳೆದುಕೊಳ್ಳೋಕೆ ನಮಗೆ ಇಷ್ಟ ಇಲ್ಲ." ಅದನ್ನು ಅವಳು ಮನಸಾರೆ ಹೇಳಿದಳು. ಟೀಚರಿಗೆ ಅಳು ಬಂದದ್ದು ಅದಕ್ಕೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮನೆಯಲ್ಲಿ ಒಂದು ವಾರ ಇದೇ ಮಾತು. ಅಡುಗೆ ಮಾಡುವಾಗ, ಬಟ್ಟೆ ಮಡಿಸುವಾಗ, ಚಪ್ಪಲಿ ಹಾಕಿಕೊಳ್ಳುವಾಗ.

"ನಾನೊಬ್ಬನೇ ಅಮ್ಮನ್ನ ಕರ್ಕೊಂಡು ಹೋಗ್ತೀನಿ" ಎಂದ ಗಂಡ.

"ಯಾವ ಟಿಕೆಟ್ಟಲ್ಲಿ?"

"ಮಳಿಗೆ ಮಾರಿಬಿಡು" ಎಂದರು ಅತ್ತೆ. "ಬಾಕಿ ಬಿಸಾಕಿ ಎಲ್ಲರೂ ಹೋಗೋಣ."

ಅವನು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. "ಮಳಿಗೆ ಮಾರಿ ಊರಿಗೆ ಹೋದ್ರೆ ಅಲ್ಲೂ ನಾನು ಅವಲಂಬಿತನೇ ಅಮ್ಮ" ಎಂದ. ಮಳಿಗೆ ಖಾಲಿ ಮಾಡಬೇಡಿ, ಬಾಡಿಗೆಯವರೇ ಇರಲಿ ಎಂದು ಅವನು ಮರುದಿನ ಫೋನ್ ಮಾಡಿ ಹೇಳಿದ. ಅವನು ಮೆಲ್ಲಗೆ ಮಾತಾಡಿದರೂ ಎರಡು ಕೋಣೆಯ ಮನೆಯಲ್ಲಿ ಎಲ್ಲರಿಗೂ ಕೇಳಿಸಿತು.

ಅತ್ತೆ ಅಂದಿನಿಂದ ಹಲ್ಲು ಹಾಕಿಕೊಳ್ಳುವುದನ್ನು ಬಿಟ್ಟರು. ಅನ್ನವನ್ನು ತಾವೇ ಬೆರಳಿಂದ ಹಿಸುಕಿಕೊಂಡು ನುಂಗುತ್ತಿದ್ದರು. ಎರಡು ದಿನ ನೋಡಿ ಮಗನಿಗೆ ತಡೆಯಲಾಗಲಿಲ್ಲ.

"ಹಾಕ್ಕೋ ಅಮ್ಮ."

"ನಂಗೆ ಬೇಡ."

"ಮೂರು ವರ್ಷ ಕೊಟ್ಟು ತಗೊಂಡಿರೋದು ಅದನ್ನ. ಡಬ್ಬೀಲಿಟ್ಟು ಹಾಳು ಮಾಡಬೇಡ" ಎಂದ. ಅವನು ಹಾಗೆ ಅಮ್ಮನಿಗೆ ಎಂದೂ ಹೇಳಿದವನಲ್ಲ. ಅತ್ತೆ ಎದ್ದು ಹೋಗಿ ಹಾಕಿಕೊಂಡು ಬಂದು ಊಟ ಮುಂದುವರಿಸಿದರು. ಕಣ್ಣೀರು ತಟ್ಟೆಗೆ ಬೀಳುತ್ತಿದ್ದರೂ ಅಗಿಯುವುದನ್ನು ನಿಲ್ಲಿಸಲಿಲ್ಲ.

ಚೂಟಿಯದು ಬೇರೆ ಹಟ. ಅಂಗಡಿಗೆ ಹೋದರೆ ಅಜ್ಜಿಗೂ ಅಪ್ಪನಿಗೂ ಒಂದು ಮಾತು ಹೇಳಿಕೊಡುತ್ತಿರಲಿಲ್ಲ. ತುಟಿ ಬಿಗಿದುಕೊಂಡು ನಿಲ್ಲುತ್ತಿದ್ದಳು. ಅಪ್ಪ ಬೆರಳು ತೋರಿಸಿ ಈರುಳ್ಳಿ ಕೊಳ್ಳಬೇಕಾಯಿತು.

"ನಿಂದೇನೂ ತಪ್ಪಿಲ್ಲ ಕಣೇ" ಎಂದಳು ಟೀಚರ್, ಅವಳ ತಲೆ ಬಾಚುತ್ತ.

"ನೀನೇ ಕೂಗಿದ್ದೆ."

"ಕೂಗಿದ್ದು ನನ್ನ ತಪ್ಪು."

"ಆಗ ನಾನು ಪ್ರೌಢಶಾಲೆಗೆ ಬಂದಿರ್ತೀನಿ, ಅಲ್ವಾ? ಮೂರು ವರ್ಷ ಆದಾಗ."

"ಹೂಂ" ಎಂದಳು ಟೀಚರ್. ಜಡೆಯನ್ನು ಬಿಚ್ಚಿ ಮತ್ತೆ ಹೆಣೆದಳು.

ಕರಾರಿಗೆ ಸಹಿ ಹಾಕಲು ಗಂಡ ಹೆಂಡತಿ ಇಬ್ಬರೂ ಹೋದರು. ಗಂಡ ಇದ್ದದ್ದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡಿದ್ದ. ಟೀಚರ್ ಆರು ಕಡೆ ಸಹಿ ಹಾಕಿದಳು. ಆಮೇಲೆ ಮೇಡಂ ಅವನ ಮುಂದೆ ಒಂದು ಹಾಳೆ ಇಟ್ಟಳು. ಅವಲಂಬಿತನನ್ನು ಮತ್ತೆ ಪಟ್ಟಿಗೆ ಸೇರಿಸಿಕೊಳ್ಳಲು ಅವನು ತನ್ನ ಕೈಯಾರೆ ತುಂಬಿಕೊಡಬೇಕಾದ ಹೇಳಿಕೆ. ಹೆಸರು, ವಯಸ್ಸು, ಸಂಬಂಧ ಎಲ್ಲ ಬರೆದ. ನಾಲ್ಕನೆಯ ಸಾಲಿನ ಮೇಲೆ ಪೆನ್ನು ನಿಂತಿತು.

"ಇದೇನು?" ಎಂದು ಹೆಂಡತಿಯನ್ನು ಕೇಳಿದ.

"ವೃತ್ತಿ."

ಅವನು ಬರೆಯಲು ಬಗ್ಗಿದ. ಮೇಡಂ ಬೆರಳು ಅಡ್ಡ ಇಟ್ಟು ಏನೋ ಹೇಳಿದಳು. ಅವನು ಹೆಂಡತಿಯ ಮುಖ ನೋಡಿದ. "ಏನಂತೆ, ಹೇಳೇ."

"ಇಲ್ಲ ಅಂತ ಬರೀಬೇಕಂತೆ ರೀ" ಎಂದಳು. "ಕೆಲಸ ಗೊತ್ತಿಲ್ಲ, ವೃತ್ತಿ ಇಲ್ಲ ಅಂತ. ಆಗಲೇ ಕಾಗದ ಸರಿಹೋಗೋದಂತೆ."

"ಅವರ ಭಾಷೇಲಿ ಅದನ್ನ ಹೇಗೆ ಬರೀತಾರೆ?"

ಅವಳು ಒಂದು ಚೀಟಿಯ ಮೇಲೆ ಬರೆದು ತೋರಿಸಿದಳು. ಮಕ್ಕಳಿಗೆ ಬರೆದು ತೋರಿಸುವ ಹಾಗೆ, ದುಂಡಗೆ. ಅವನು ಅದನ್ನು ನೋಡಿಕೊಂಡು, ಒಂದೊಂದೇ ಅಕ್ಷರ, ಗೆರೆ ತಪ್ಪದಂತೆ ಬರೆದ. ಮೇಡಂ ಮುದ್ರೆ ಒತ್ತಿ ಧನ್ಯವಾದ ಹೇಳಿದಳು.

ಅವರು ಏಳುವಷ್ಟರಲ್ಲಿ ಅವಳು ಇನ್ನೊಂದು ಹಾಳೆ ಚಾಚಿದಳು. ಬರುವ ಅವಧಿಗೆ ಅರವತ್ತು ಗಡಿಯಾರ, ನಲವತ್ತು ಮಣಿಚೌಕಟ್ಟು, ಆರು ತಕ್ಕಡಿ. ಸಿಬ್ಬಂದಿಯ ಮನೆಯವರು ಸ್ವಇಚ್ಛೆಯಿಂದ ಶಾಲೆಗೆ ನೆರವಾಗಲು ಪುಸ್ತಕದಲ್ಲಿ ಅವಕಾಶ ಇದೆ. ಕೂಲಿ ಇಲ್ಲದಿದ್ದರೆ ಅದು ಸಂಪಾದನೆ ಆಗುವುದಿಲ್ಲ. ಮರದ ಖರ್ಚು ಶಾಲೆಯದು. ಮಕ್ಕಳಿಗೆ ಆ ಗಡಿಯಾರ ಎಂದರೆ ಪ್ರಾಣವಂತೆ.

ಟೀಚರಿಗೆ ಇದನ್ನು ಗಂಡನಿಗೆ ಹೇಳಲು ಬಾಯಿ ಬರಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಹಾಳೆಯಲ್ಲಿ ಒಂದೊಂದರ ಪಕ್ಕದಲ್ಲೂ ಚಿತ್ರ ಇತ್ತು, ಅಂಕಿ ಇತ್ತು, ಬೆಲೆ ಬರೆಯುವ ಜಾಗದಲ್ಲಿ ಸೊನ್ನೆ ಇತ್ತು. ಅವನು ಅದನ್ನು ಎರಡು ಕೈಯಲ್ಲಿ ಹಿಡಿದು ಮೇಲಿಂದ ಕೆಳಗೆ ನಿಧಾನವಾಗಿ ನೋಡಿದ. ಹೆಂಡತಿ ಅವನು ಹರಿದುಹಾಕಲಿ ಎಂದು ಕಾದಳು. ಹರಿದರೆ ತಾನೂ ಎದ್ದು ನಿಲ್ಲುವುದೆಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಳು.

"ಯಾವ ಮರ ಕೊಡ್ತಾರೆ ಅಂತ ಕೇಳು" ಎಂದ ಅವನು.

ಅವಳು ಕೇಳಿದಳು.